ಮೂವತ್ತಾರು ಮನೆಗಳ ಅಳತೆ

ಹೋದ ತಿಂಗಳು ಒಂದು ಗೋದಾಮಿನ ಅಳತೆಗೆಂದು ಇಚಲಕರಂಜಿಗೆ ಹೋಗಿದ್ದೆ. ಈಗ ನಾನಿರುವುದು ಕೊಲ್ಲಾಪುರದಲ್ಲಿ. ಆ ಊರಿನ ಕೆಲಸ ಬಂದರೆ ಏನಾದರೂ ನೆಪ ಹೇಳಿ ಬೇರೆಯವರಿಗೆ ಒಪ್ಪಿಸುತ್ತೇನೆ. ಈ ಸಲ ತಪ್ಪಿಸಿಕೊಳ್ಳಲಾಗಲಿಲ್ಲ. ಕಬನೂರ ದಾಟುವಾಗ ರಿಕ್ಷಾದೊಳಗೆ ಸೈಜಿಂಗ್ ಕಾರ್ಖಾನೆಯ ವಾಸನೆ ನುಗ್ಗಿತು. ನೂಲಿಗೆ ಗಂಜಿ ಹಾಕಿ ಹಬೆಯಲ್ಲಿ ಒಣಗಿಸುವಾಗ ಏಳುವ ವಾಸನೆ ಅದು. ಅನ್ನದ ಗಂಜಿ ಹುಳಿ ಬಂದ ಹಾಗೆ, ತಳ ಸ್ವಲ್ಪ ಸೀದ ಹಾಗೆ. ರಿಕ್ಷಾದವನು ಮೂಗು ಮುಚ್ಚಿಕೊಂಡ. ನಾನು ಮುಚ್ಚಿಕೊಳ್ಳಲಿಲ್ಲ. ಒಂದು ಇಡೀ ವರ್ಷ ನನ್ನ ಬಟ್ಟೆಯಲ್ಲಿ, ಕೂದಲಲ್ಲಿ, ಊಟದ ಡಬ್ಬಿಯಲ್ಲಿ ಇದ್ದ ವಾಸನೆ ಅದು. ಆ ವರ್ಷದ ಬಗ್ಗೆ ನಾನು ಮನೆಯಲ್ಲೂ ಯಾರಿಗೂ ಪೂರ್ತಿ ಹೇಳಿಲ್ಲ.

ಆಗ ನನಗೆ ಇಪ್ಪತ್ಮೂರು ವರ್ಷ. ನಮ್ಮೂರು ಮಹಾರಾಷ್ಟ್ರದೊಳಗಿನ ಗಡಿಯೂರು ಅಕಿವಾಟ, ಅಪ್ಪ ಕಬ್ಬು ಬೆಳೆಯುವವರು. ಮನೆಯ ಮಾತು ಕನ್ನಡ, ಶಾಲೆಯ ಓದು ಮರಾಠಿ. ಕನ್ನಡ ಅಕ್ಷರಗಳನ್ನು ಅಜ್ಜಿ ಬಸದಿಯ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕಲಿಸಿದ್ದಳು. ಕೊಲ್ಲಾಪುರದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಇಚಲಕರಂಜಿಯ ಒಬ್ಬ ಆರ್ಕಿಟೆಕ್ಟರ ಕಚೇರಿಯಲ್ಲಿ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಅವರನ್ನು ನಾವೆಲ್ಲ ಸರ್ ಎನ್ನುತ್ತಿದ್ದೆವು. ದನಿ ಏರಿಸದ ಮನುಷ್ಯ. ಮಳೆ ಜೋರಾದರೆ ನನ್ನನ್ನು ತಮ್ಮ ಕಾರಿನಲ್ಲೇ ಬಸ್‌ಸ್ಟ್ಯಾಂಡಿಗೆ ಬಿಟ್ಟು ಹೋಗುತ್ತಿದ್ದರು.

ಜೂನಿನಲ್ಲಿ ಮೃಗಾ ಮಳೆ ಶುರುವಾದ ವಾರ ಸರ್ ನನ್ನನ್ನು ಕರೆದು ಕಬನೂರ ಹತ್ತಿರದ ಒಂದು ಚಾಳಿನ ಅಳತೆಗೆ ಹೋಗಲು ಹೇಳಿದರು. ಮಗ್ಗದ ಶೆಡ್ಡುಗಳ ಬೆನ್ನಿಗೆ ಅಂಟಿಕೊಂಡಿದ್ದ ಎರಡು ಸಾಲು, ಒಟ್ಟು ಮೂವತ್ತಾರು ಮನೆ. ಜಾಗದ ಮಾಲೀಕ ಸುತ್ತಲಿನ ಬಯಲನ್ನೂ ಸೇರಿಸಿ ಅದನ್ನು ಒಬ್ಬ ಬಿಲ್ಡರನಿಗೆ ಮಾರಿದ್ದ. ಅಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಏಳುವುದಿತ್ತು.

"ಅಲ್ಲಿ ಇರೋರೆಲ್ಲ ನಿಮ್ಮ ಭಾಷೆಯವರೇ," ಎಂದರು ಸರ್ ಮರಾಠಿಯಲ್ಲಿ. "ಅಥಣಿ, ರಾಯಬಾಗ ಕಡೆಯಿಂದ ಬಂದು ಮಗ್ಗ ನಡೆಸೋರು. ಗಂಡಸರು ಹೋದರೆ ಬಾಗಿಲು ಹಾಕ್ಕೋತಾರೆ. ನೀನು ಹೋಗು."

ಒಂದು ನಿಯಮದ ಬಗ್ಗೆ ಇಲ್ಲಿ ಹೇಳಬೇಕು. ನಗರದಲ್ಲಿ ದೊಡ್ಡ ಜಾಗ ಹಿಡಿದು ಮನೆ ಕಟ್ಟಿ ಮಾರುವವರು ಅದರಲ್ಲಿ ಒಂದು ಪಾಲನ್ನು ಕಡಿಮೆ ಆದಾಯದವರ ಸಣ್ಣ ಮನೆಗಳಿಗೆಂದು ತೆಗೆದಿಡಲೇಬೇಕು. ತೆಗೆದಿಟ್ಟರೆ ಅವರಿಗೆ ಇನ್ನಷ್ಟು ಮಹಡಿ ಏರಿಸಲು ಅನುಮತಿ ಸಿಗುತ್ತದೆ. ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಆ ನಿಯಮ ಈಗ ನನ್ನ ಕೈಯ ನಕ್ಷೆಯಲ್ಲಿ ಬಂದು ಕೂತಿತ್ತು. ಮುಂದೆ ಎರಡು ಎತ್ತರದ ಕಟ್ಟಡ, ಹಿಂದೆ ಶೆಡ್ಡುಗಳ ಪಕ್ಕಕ್ಕೆ ಸಣ್ಣ ಮನೆಗಳ ನಾಲ್ಕು ಮಹಡಿ. ಆ ಹಿಂದಿನ ಕಟ್ಟಡವನ್ನು ನಾನೇ ಬಿಡಿಸಿದ್ದೆ. ಪ್ರತಿ ಮನೆಗೂ ಒಂದು ಕೋಣೆ, ಒಂದು ಅಡಿಗೆಮನೆ, ಒಳಗೇ ಬಚ್ಚಲು, ಒಳಗೇ ಸಂಡಾಸು. ಚಾಳಿನವರು ವಾಪಸು ಬರುವುದು ಅಲ್ಲಿಗೇ ಎಂದು ನಾನು ನಂಬಿದ್ದೆ. ಸರ್ ಕೂಡ ಆಗ ಹಾಗೇ ಹೇಳಿದ್ದರು.

ಮೊದಲ ದಿನ ಟೇಪು ಹಿಡಿದು ಚಾಳಿನ ಬಾಯಿಯಲ್ಲಿ ನಿಂತಾಗ ಯಾರೂ ಮಾತಾಡಿಸಲಿಲ್ಲ. ಶೆಡ್ಡಿನ ಸದ್ದಿಗೆ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಮೂರನೆಯ ಮನೆಯ ಹೊಸ್ತಿಲಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಕಾಂಡಿ ಸುತ್ತುತ್ತಿದ್ದಳು. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಉರುಳೆಗೆ ಅಲ್ಲಿ ಕಾಂಡಿ ಎನ್ನುತ್ತಾರೆ. ಅವಳು ಚಕ್ರ ನಿಲ್ಲಿಸದೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಮರಾಠಿಯಲ್ಲಿ, "ಯಾರ್ ಬೇಕು?" ಎಂದಳು.

"ಅಳತಿ ಮಾಡಾಕ ಬಂದೇನ್ರಿ," ಎಂದೆ ಕನ್ನಡದಲ್ಲಿ.

ಚಕ್ರ ನಿಂತಿತು. "ಅಯ್ಯ, ನಮ್ಮಕಿನ ಅದಾಳ! ಯಾವೂರ ಬಾಯಾರ ನಿಮ್ಮದು?"

"ಅಕಿವಾಟ ರೀ."

"ಒಳಗ ಬರ್ರಿ. ತೊಯ್ಸಕೊಂಡ ಯಾಕ ನಿಂತೀರಿ?"

ಅವಳೇ ಗಂಗಕ್ಕ. ಒಳಗೆ ಹೋದೆ. ಹತ್ತಕ್ಕೆ ಹನ್ನೆರಡು ಅಡಿಯ ಒಂದೇ ಕೋಣೆ. ಒಲೆ, ಟ್ರಂಕು, ಗೋಡೆಗೆ ಒರಗಿಸಿದ ಹಾಸಿಗೆಗಳು. ನನ್ನ ಫಾರ್ಮಿನಲ್ಲಿ ಒಂದು ಕಾಲಂ ಇತ್ತು: ಮನೆಯಲ್ಲಿ ಎಷ್ಟು ಜನ? ಅವಳು ಬೆರಳು ಮಡಚಿ ಎಣಿಸಿದಳು. ತಾನು, ಗಂಡ, ಗಂಡನ ಇಬ್ಬರು ತಮ್ಮಂದಿರು, ಒಬ್ಬ ತಮ್ಮನ ಹೆಂಡತಿ. ಗಂಗಕ್ಕನಿಗೆ ಮಕ್ಕಳಿರಲಿಲ್ಲ.

"ಇಷ್ಟರಾಗ ಐದ ಮಂದಿ ಹ್ಯಾಂಗ ಮಲಗತೀರಿ?" ಎಂದು ಕೇಳಿಬಿಟ್ಟೆ.

ಅವಳು ನಕ್ಕಳು. "ಐದೂ ಮಂದಿ ಕೂಡೇ ಎಂದ ಮಲಗೇವ್ರಿ? ಒಬ್ಬರ ಹಗಲ ಪಾಳಿ, ಒಬ್ಬರ ರಾತ್ರಿ ಪಾಳಿ. ಒಬ್ಬಂವ ಎದ್ದ ಹಾಸಿಗಿ ಆರೂದ್ರಾಗ ಇನ್ನೊಬ್ಬಂವ ಬಂದ ಬೀಳತಾನ."

ಮೂವತ್ತಾರು ಮನೆಯಲ್ಲೂ ಹಾಗೇ ಇತ್ತು. ಮಗ್ಗ ನಿಲ್ಲದಿರುವುದರಿಂದ ಹಾಸಿಗೆಗಳೂ ಖಾಲಿ ಬೀಳುತ್ತಿರಲಿಲ್ಲ. ಕಚೇರಿಗೆ ಬಂದು ಜನಸಾಂದ್ರತೆಯ ಲೆಕ್ಕ ಹಾಕಿದರೆ ಪುಸ್ತಕದಲ್ಲಿ ಹೇಳಿದ ಮಿತಿಗಿಂತ ಎಷ್ಟೋ ಮೇಲೆ ಹೋಗಿತ್ತು. "ಮನುಷ್ಯರು ವಾಸಿಸಲು ತಕ್ಕುದಲ್ಲ" ಎಂದು ಬರೆಯುವ ಜಾಗದಲ್ಲಿ ನಾನು ಗುರುತು ಹಾಕಿದೆ. ಸುಳ್ಳೇನೂ ಅಲ್ಲ. ಇಡೀ ಚಾಳಿಗೆ ನಾಲ್ಕು ಸಂಡಾಸು, ಎರಡು ಬಚ್ಚಲು. ಬೆಳಿಗ್ಗೆ ಹೆಂಗಸರು ಕೊಡೆ ಹಿಡಿದು ಪಾಳಿ ಹಚ್ಚುತ್ತಿದ್ದರು. ಗಂಗಕ್ಕ ನಕ್ಷೆಯನ್ನು ನೋಡಿದಾಗ ಮೊದಲು ಬೆರಳಿಟ್ಟು ಕೇಳಿದ್ದೇ ಅದನ್ನು: "ಇದ ಬಚ್ಚಲೇನ್ರಿ? ಮನಿ ಒಳಗ? ನಮ್ಮದs ಒಬ್ಬರದ?"

ಅವಳ ಗಂಡ ಸಿದ್ರಾಮಣ್ಣ ಹಿಂದಿನ ಶೆಡ್ಡಿನಲ್ಲಿ ಜಾಬರ್ ಆಗಿದ್ದ. ಮಗ್ಗ ಕೆಟ್ಟರೆ ರಿಪೇರಿ ಮಾಡುವವನು. ಮೂವತ್ತು ವರ್ಷ ಆ ಸದ್ದಿನಲ್ಲಿ ನಿಂತು ಅವನ ಎರಡೂ ಕಿವಿ ಹೋಗಿದ್ದವು. ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಎಲ್ಲಿ ತಪ್ಪಿದೆ ಎಂದು ಹೇಳುತ್ತಿದ್ದ. ಚಾಳಿನಲ್ಲಿ ಅವನನ್ನು ಯಾರೂ ಕೂಗುತ್ತಿರಲಿಲ್ಲ. ಎದುರಿಗೆ ಬಂದು ನಿಲ್ಲುತ್ತಿದ್ದರು, ಇಲ್ಲವೆ ಭುಜ ಮುಟ್ಟುತ್ತಿದ್ದರು. ಮಗ್ಗ ನಿಂತರೆ ಶೆಡ್ಡಿನವರು ಹಿಂಬಾಗಿಲಿನಿಂದ ಬಂದು ಅವನ ಭುಜ ತಟ್ಟುವರು, ಅವನು ಉಣ್ಣುತ್ತಿದ್ದ ತಾಟು ಬಿಟ್ಟು ಏಳುವನು.

ಅಳತೆ ಮುಗಿಸಿ ಹೊರಟಾಗ ಗಂಗಕ್ಕ ನನ್ನ ಫಾರ್ಮು ತೋರಿಸಿ, "ಇದರಾಗ ಒಂದ ಮಾತ ಬರಕೋರಿ ಬಾಯಾರ," ಎಂದಳು. "ನಮ್ಮವ್ರಿಗೆ ಕಿವಿ ಕೇಳಸೂದಿಲ್ಲ. ಶೆಡ್ ಇಲ್ಲೇ ಬೆನ್ನಿಗೆ ಐತಿ ಅಂತ ನಡದೈತಿ. ದೂರ ಹಾಕಿದ್ರ ರಸ್ತಾದಾಗ ಹೋಗಾಕ ಅವರ ಕೈಲಿ ಆಗೂದಿಲ್ಲ. ಇಷ್ಟ ಬರಕೋರಿ."

ಅದಕ್ಕೊಂದು ಕಾಲಂ ಇರಲಿಲ್ಲ. ಅಂಚಿನ ಖಾಲಿ ಜಾಗದಲ್ಲಿ ಬರೆದುಕೊಂಡೆ. "ದೂರ ಎಲ್ಲಿ ಹಾಕ್ತಾರ್ರಿ ಗಂಗಕ್ಕಾ, ಇಲ್ಲೇ ಬರತೀರಿ," ಎಂದೆ.

ಆಷಾಢದ ತುಂಬ ನಾನು ಮನೆಯಿಂದ ಮನೆಗೆ ಓಡಾಡಿದೆ. ಖಾಲಿ ಮಾಡಲು ಒಪ್ಪಿಗೆಯ ಸಹಿ ಬೇಕಿತ್ತು. ಕಾಗದ ಮರಾಠಿಯಲ್ಲಿತ್ತು, ನಾನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಒಂದು ವರ್ಷ ಊರ ಹೊರಗಿನ, ಮಗ್ಗಗಳಿಗೆ ಹೊಲದ ದಾರಿಯಲ್ಲೇ ನಡೆದು ಬರುವಷ್ಟು ಹತ್ತಿರದ ತಗಡಿನ ಶೆಡ್ಡುಗಳಲ್ಲಿ ಇರಬೇಕು, ಆಮೇಲೆ ಇಲ್ಲೇ ಹಿಂದಿನ ಕಟ್ಟಡದಲ್ಲಿ ಮನೆ. ಕಾಗದದಲ್ಲಿ ನಿಜವಾಗಿ ಇದ್ದದ್ದು "ನಿಯಮದ ಪ್ರಕಾರ ಅರ್ಹರಾದವರಿಗೆ" ಎಂಬ ಮಾತು. "ಇಲ್ಲೇ" ಎಂಬುದು ನನ್ನ ಬಾಯಿಂದ ಬಂದದ್ದು. ಗಂಗಕ್ಕನ ಎದುರು ಮನೆಯ ಕಲ್ಲವ್ವ ಸಹಿಗೆ ಒಪ್ಪಿರಲಿಲ್ಲ. ಗಂಗಕ್ಕನೇ ಅವಳ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿದಳು. "ಅಕಿವಾಟದ ಹುಡಿಗಿ ಐತಿ. ನಮಗ ಯಾಕ ಸುಳ್ಳ ಹೇಳೀತ?" ಎಂದಳು. ಅಷ್ಟು ಹೊತ್ತಿಗೆ ನಾನು ಅವಳಿಗೆ ಹೊರಗಿನವರನ್ನು ಮರ್ಯಾದೆಗೆ ಕರೆಯುವ ಬಾಯಾರ ಆಗಿ ಉಳಿದಿರಲಿಲ್ಲ, ತಂಗಿಯಾಗಿದ್ದೆ. ಮಧ್ಯಾಹ್ನದ ರೊಟ್ಟಿ ಅವಳ ಮನೆಯಲ್ಲೇ ಆಗುತ್ತಿತ್ತು.

ಪಂಚಗಂಗೆ ಏರುತ್ತಿದ್ದ ಒಂದು ಮಧ್ಯಾಹ್ನ ಸರ್ ನನ್ನ ಟೇಬಲ್ಲಿಗೆ ಬಂದು ಹೊಸ ಕಾಗದ ಇಟ್ಟರು. ಸಣ್ಣ ಮನೆಗಳನ್ನು ಅದೇ ಜಾಗದಲ್ಲಿ ಕಟ್ಟಬೇಕೆಂದಿಲ್ಲ, ನಗರದ ಮಿತಿಯೊಳಗೆ ಬೇರೆ ಕಡೆ ಕಟ್ಟಿಕೊಟ್ಟರೂ ನಡೆಯುತ್ತದೆ. ಬಿಲ್ಡರನಿಗೆ ಊರಿನ ಇನ್ನೊಂದು ತುದಿಯಲ್ಲಿ, ಕಬ್ಬಿನ ಹೊಲಗಳ ನಡುವೆ, ಅರ್ಧ ಕಟ್ಟಿ ನಿಂತಿದ್ದ ಒಂದು ಕಟ್ಟಡ ಸಿಕ್ಕಿತ್ತು. ಹಿಂದಿನ ನಾಲ್ಕು ಮಹಡಿಯ ಜಾಗದಲ್ಲಿ ಈಗ ವಾಹನ ನಿಲುಗಡೆ, ತೋಟ. ಮನೆಗಳ ಹಂಚಿಕೆ ಚೀಟಿ ಎತ್ತಿ. ಅರ್ಜಿ ಹಾಕಲು ಮಹಾರಾಷ್ಟ್ರದ ರಹಿವಾಸಿ ಎಂಬ ದಾಖಲೆ ಬೇಕು.

"ಸರ್, ಚಾಳಿನವರು?" ಎಂದೆ.

"ಅವರೂ ಅರ್ಜಿ ಹಾಕಲಿ. ನಿಯಮ ಎಲ್ಲರಿಗೂ ಒಂದೇ." ಕಾಗದವನ್ನು ನನ್ನ ಕಡೆ ಸರಿಸಿದರು. ಆಮೇಲೆ ಮೆಲ್ಲಗೆ, "ಅಜೂನ ಕುಣಾಲಾ ಸಾಂಗೂ ನಕೋಸ," ಎಂದರು. ಇನ್ನೂ ಯಾರಿಗೂ ಹೇಳಬೇಡ. "ಮಂಜೂರಿ ಬರಲಿ. ಈಗಲೇ ಹೇಳಿದರೆ ಗದ್ದಲ ಆಗ್ತದೆ. ನಿನ್ನ ಮೇಲೆ ನಂಬಿಕೆ ಇಟ್ಟು ತೋರಿಸ್ತಿದ್ದೇನೆ."

ನಾನು ನಕ್ಷೆ ತೆರೆದೆ. ಹಿಂದಿನ ಕಟ್ಟಡವನ್ನು ಆರಿಸಿ ಅಳಿಸಿದೆ. ಆ ಜಾಗದಲ್ಲಿ ಸಣ್ಣ ಸಣ್ಣ ಗಿಡಗಳ ಗುರುತು ಹಾಕಿದೆ. ಸಂಜೆಯೊಳಗೆ ಮುಗಿಯಿತು.

ಚಾಳು ಖಾಲಿ ಮಾಡಲು ಗೊತ್ತಾಗಿದ್ದ ದಿನಕ್ಕೆ ಅಲ್ಲಿಂದ ಹನ್ನೊಂದು ದಿನವಿತ್ತು. ಆ ಹನ್ನೊಂದು ದಿನದಲ್ಲಿ ನಾಲ್ಕು ಸಲ ಚಾಳಿಗೆ ಹೋದೆ. ಸಾಮಾನು ಕಟ್ಟುವುದಕ್ಕೆ ಕೈ ಹಚ್ಚಿದೆ. ಗಂಗಕ್ಕ, "ಮ್ಯಾಲಿನ ಮಜಲಿ ಬಂದ್ರ ಶೆಡ್ಡಿನವ್ರಿಗೆ ಇವರನ್ನ ಕರಿಯಾಕ ಮೆಟ್ಟಲಾ ಏರೂದ ಆಗತೈತಿ, ಕೆಳಗಿಂದs ಕೊಡಸ ತಂಗಿ," ಎಂದರೆ, "ನೋಡೂಣ್ರಿ," ಎಂದೆ. ಯಾರಾದರೂ ಗದರಿಸಿದ್ದರೆ, ಕೆಲಸ ಹೋಗುತ್ತದೆ ಎಂದು ಹೆದರಿಸಿದ್ದರೆ, ಈಗ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಹಾಗೇನೂ ಆಗಲಿಲ್ಲ. ಒಬ್ಬ ದೊಡ್ಡ ಮನುಷ್ಯರು ನನ್ನನ್ನು ನಂಬಿ ಒಂದು ಗುಟ್ಟು ಹೇಳಿದ್ದರು. ಆ ನಂಬಿಕೆ ನನಗೆ ಹಿತವಾಗಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಸಂಜೆ ಬಸ್ಸಿನಲ್ಲಿ ಅಕಿವಾಟಕ್ಕೆ ಮರಳುತ್ತಿದ್ದೆ.

ನಾಗರಪಂಚಮಿಗೆ ಮೂರು ದಿನ ಇರುವಾಗ ಟೆಂಪೊಗಳು ಬಂದವು. ಮಳೆಯಲ್ಲಿ ಸಾಮಾನು ಏರಿಸಿದರು. ಸಿದ್ರಾಮಣ್ಣ ಎಲ್ಲರಿಗಿಂತ ಕೊನೆಗೆ ಹೊರಟ. ಖಾಲಿ ಕೋಣೆಯ ಹಿಂಗೋಡೆಗೆ ಅಂಗೈ ಹಚ್ಚಿ ನಿಂತಿದ್ದ. ಗೋಡೆಯ ಆಚೆಗೆ ಮಗ್ಗಗಳು ನಡೆಯುತ್ತಿದ್ದವು. ಗಂಗಕ್ಕ ಹೋಗಿ ಭುಜ ಮುಟ್ಟಿದಳು.

ಗಣಪತಿ ಹಬ್ಬ ಮುಗಿಯುವುದರೊಳಗೆ ಚಾಳನ್ನು ಕೆಡವಿ ತಗಡಿನ ಬೇಲಿ ಹಾಕಿದರು. ಬೇಲಿಯ ಮೇಲೆ ಕಟ್ಟಡದ ದೊಡ್ಡ ಬಣ್ಣದ ಚಿತ್ರ. ಮೂರನೆಯ ದಿನ ಗಂಗಕ್ಕ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಚಪ್ಪಲಿ ಹೊರಗೆ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು.

"ತಂಗಿ, ಆ ಚಿತ್ರದಾಗ ನಮ್ಮ ಕಟ್ಟಡ ಕಾಣವಲ್ದು."

ನಾನು ಅವಳನ್ನು ಮೆಟ್ಟಿಲಿಗೆ ಕರೆದುಕೊಂಡು ಹೋದೆ. ಈಗ ಬದಲಾಗಿದೆ, ಮೊನ್ನೆ ಮೊನ್ನೆ ಬದಲಾಯಿತು, ನನಗೂ ಈಗಲೇ ಗೊತ್ತಾಯಿತು ಎಂದೆ. ಕಬ್ಬಿನ ಹೊಲದ ನಡುವಿನ ಕಟ್ಟಡದ ಬಗ್ಗೆ ಹೇಳಿದೆ. ಚೀಟಿ ಎತ್ತುವುದನ್ನೂ ಹೇಳಿದೆ. ಅವಳು ಸಿಟ್ಟಾಗಲಿಲ್ಲ. "ಎಷ್ಟ ದೂರ?" ಎಂದಷ್ಟೇ ಕೇಳಿದಳು.

"ಏಳು ಕಿಲೋಮೀಟರ್ ಆಗತೈತ್ರಿ."

ಅವಳು ಮೆಟ್ಟಿಲ ಮೇಲೆ ಕೂತಳು. ಆಮೇಲೆ, "ನೀ ಏನ್ ಮಾಡತಿ ಪಾಪ, ನಿನಗೂ ಹೇಳಿಲ್ಲ ಅವ್ರು," ಎಂದು ನನ್ನ ಮಂಡಿ ತಟ್ಟಿದಳು.

ಆ ದಿನದಿಂದ ನಾನು ಹುಚ್ಚಿಯ ಹಾಗೆ ಕಾಗದಗಳ ಹಿಂದೆ ಬಿದ್ದೆ. ಮೂವತ್ತಾರು ಮನೆಯಲ್ಲಿ ಬಹಳ ಜನರ ರೇಷನ್ ಕಾರ್ಡು ಇನ್ನೂ ತಮ್ಮ ಊರಿನದೇ ಇತ್ತು, ಗಡಿಯಾಚೆಯದು. ಚಾಳಿನ ಕರೆಂಟು ಮಾಲೀಕನ ಹೆಸರಿನಲ್ಲಿ. ಇಪ್ಪತ್ತು, ಮೂವತ್ತು ವರ್ಷ ಅಲ್ಲಿದ್ದರೂ ಅಲ್ಲಿದ್ದೆವು ಎನ್ನಲು ಒಂದು ಚೂರು ಕಾಗದವಿಲ್ಲ. ನನ್ನ ಅಳತೆಯ ಫಾರ್ಮುಗಳನ್ನು ತೋರಿಸಬಹುದೇ ಎಂದು ಕೇಳಿದೆ. ಅದು ದಾಖಲೆಯಲ್ಲ ಎಂದರು. ಕೊನೆಗೆ ಅರ್ಜಿ ಹಾಕಲು ಆದದ್ದು ಏಳು ಮನೆಯವರಿಗೆ ಮಾತ್ರ. ಗಂಗಕ್ಕನ ಹೆಸರು ಅದರಲ್ಲಿರಲಿಲ್ಲ.

ಒಂದು ದಿನ ಮಾತಿಗೆ ಮಾತು ಬಂದು ಅವಳು, "ನಾ ಹುಟ್ಟಿದ್ದ ಗಡಹಿಂಗ್ಲಜದಾಗ. ಅಪ್ಪ ಅಲ್ಲಿ ಬೆಲ್ಲದ ಗಾಣದಾಗ ದುಡೀತಿದ್ದ. ಎರಡ ವರ್ಷ ಸಾಳಿಗೂ ಹೋಗಿದ್ದೆ," ಎಂದಳು. ಶಾಲೆಯ ದಾಖಲೆ ಸಿಕ್ಕರೆ ಸಾಕಿತ್ತು. ಮರುದಿನವೇ ರಜೆ ಹಾಕಿ ಅವಳನ್ನು ಕರೆದುಕೊಂಡು ಹೊರಟೆ.

ಗಡಹಿಂಗ್ಲಜಿಗೆ ಹೋಗುವ ಬಸ್ಸು ನಿಪ್ಪಾಣಿ, ಸಂಕೇಶ್ವರದ ಮೇಲೆ ಹೋಗುತ್ತದೆ. ಕಾಗಲ ದಾಟಿದ ಮೇಲೆ ಕರ್ನಾಟಕ. ಸಂಕೇಶ್ವರ ದಾಟಿ ಸ್ವಲ್ಪ ಹೊತ್ತಿಗೆ ಮತ್ತೆ ಮಹಾರಾಷ್ಟ್ರ. ಅಂಗಡಿಯ ಬೋರ್ಡುಗಳು ಮರಾಠಿಯಿಂದ ಕನ್ನಡಕ್ಕೆ, ಕನ್ನಡದಿಂದ ಮರಾಠಿಗೆ ಬದಲಾದವು. ಗಂಗಕ್ಕ ಕಿಟಕಿಯಲ್ಲಿ ಕೂತು ಎಲ್ಲ ನೋಡುತ್ತಿದ್ದಳು. "ನಾ ಮಹಾರಾಷ್ಟ್ರದಾಕಿ ಅಂತ ತೋರಸಾಕ ಕರ್ನಾಟಕ ದಾಟಿ ಹೊಂಟೇವಲ್ಲ," ಎಂದು ನಕ್ಕಳು. ಅವಳು ನಕ್ಕದ್ದನ್ನು ಬಹಳ ದಿನದ ಮೇಲೆ ನೋಡಿದ್ದೆ.

ಶಾಲೆಯ ಗುಮಾಸ್ತರು ವಯಸ್ಸಾದವರು. ಕಪಾಟಿನ ಕೆಳಗಿನ ಖಾನೆಯಿಂದ ಒಂದೊಂದೇ ದಪ್ಪ ಪುಸ್ತಕ ತೆಗೆದು ಧೂಳು ಕೊಡವಿ ಹುಡುಕಿದರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ನಾಲ್ಕನೆಯ ಪುಸ್ತಕದಲ್ಲಿ ಅವರ ಬೆರಳು ನಿಂತಿತು. "ಗಂಗಾ ಭೀಮಪ್ಪ," ಎಂದು ಗಟ್ಟಿಯಾಗಿ ಓದಿದರು. ಹುಟ್ಟಿದ ಸ್ಥಳ ಗಡಹಿಂಗ್ಲಜ. ಹುಟ್ಟಿದ ತಾರೀಖು, ಆ ಪುಟದ ಅರ್ಧ ಮಕ್ಕಳ ಹಾಗೆ, ಜೂನ್ ಒಂದು. ಶಾಲೆ ಬಿಟ್ಟ ಕಾರಣ: ಕೂಲಿಗಾಗಿ ಬೇರೆ ಊರಿಗೆ.

ಗಂಗಕ್ಕ ಎದ್ದು ಹೋಗಿ ಪುಸ್ತಕದ ಮೇಲೆ ಬಾಗಿದಳು. "ಅಪ್ಪನ ಹೆಸರ ಯಾವದ್ರಿ ಇದರಾಗ?"

ಗುಮಾಸ್ತರು ತೋರಿಸಿದರು. ಅವಳು ಆ ಅಕ್ಷರಗಳ ಮೇಲೆ ಬೆರಳಿಟ್ಟು, "ನಮ್ಮಪ್ಪಂದ ಒಂದ ಫೋಟೋ ಸೈತ ಇಲ್ಲ," ಎಂದಳು. ಬರುವಾಗ ಬಸ್ಸಿನಲ್ಲಿ ಆ ದಾಖಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎದೆಗೆ ಹಿಡಿದುಕೊಂಡೇ ನಿದ್ದೆ ಮಾಡಿದಳು. ನಾನು ಅವಳ ಪಕ್ಕ ಕೂತು, ಇಷ್ಟಾದರೂ ಮಾಡಿದೆನಲ್ಲ ಅಂದುಕೊಂಡೆ. ಈಗ ಹೇಳಿಬಿಟ್ಟರೂ ಪರವಾಗಿಲ್ಲ ಅನ್ನಿಸಿತು. ಆದರೆ ಅವಳು ಮಲಗಿದ್ದಳು, ಎಬ್ಬಿಸಲಿಲ್ಲ.

ದೀಪಾವಳಿ ಆದ ಮೇಲೆ ಒಂದು ಸಭಾಂಗಣದಲ್ಲಿ ಚೀಟಿ ಎತ್ತಿದರು. ಇಡೀ ಊರಿನಿಂದ ಅರ್ಜಿ ಬಂದಿದ್ದವು. ಚಾಳಿನ ಎಂಟು ಅರ್ಜಿಗಳಲ್ಲಿ ಮೂರು ಹೆಸರು ಬಂದವು. ಗಂಗಕ್ಕನದು ಒಂದು. ನಾಲ್ಕನೆಯ ಮಹಡಿ. ನಾನು ಅವಳನ್ನು ತಬ್ಬಿಕೊಂಡೆ. ಅವಳು ನನ್ನ ಹೆಗಲ ಮೇಲಿಂದ ಬಾಗಿಲ ಕಡೆ ನೋಡುತ್ತಿದ್ದಳು. ಅಲ್ಲಿ ಕಲ್ಲವ್ವ ನಿಂತಿದ್ದಳು. ಅವಳಿಗೆ ಅರ್ಜಿ ಹಾಕಲೂ ಆಗಿರಲಿಲ್ಲ. ಆದರೂ ಗೆಳತಿಯ ಜೊತೆ ಬಂದಿದ್ದಳು.

ಹೊರಗೆ ಗಂಗಕ್ಕ ಅವಳ ಕೈ ಹಿಡಿಯಹೋದಳು. ಕಲ್ಲವ್ವ ಕೈ ಬಿಡಿಸಿಕೊಂಡಳು. "ನಾ ಒಲ್ಲೆ ಅಂದಿದ್ದೆ. ನನ್ನ ಹೆಬ್ಬಟ್ಟ ಹಿಡದ ಒತ್ತಿಸಿದಾಕಿ ನೀ," ಎಂದಳು. ಅಷ್ಟೇ. ನನ್ನ ಕಡೆ ನೋಡಲೂ ಇಲ್ಲ. ಆ ವಾರವೇ ತಗಡಿನ ಶೆಡ್ಡು ಬಿಟ್ಟು ರಾಯಬಾಗದ ಕಡೆ ಹೊರಟು ಹೋದಳಂತೆ. ಉಳಿದವರು ಕಬನೂರಿನಲ್ಲಿ, ಅಲ್ಲಿ ಇಲ್ಲಿ, ಬಾಡಿಗೆ ಕೋಣೆಗಳಲ್ಲಿ ಹಂಚಿಹೋದರು. ಗಂಗಕ್ಕನ ಮೈದುನಂದಿರೂ ಶೆಡ್ಡಿನ ಹತ್ತಿರವೇ ಒಂದು ಕೋಣೆ ನೋಡಿಕೊಂಡರು. ಅಷ್ಟು ದೂರದಿಂದ ರಾತ್ರಿ ಪಾಳಿ ಮಾಡಲು ಅವರಿಗೆ ಆಗುತ್ತಿರಲಿಲ್ಲ.

ಸಂಕ್ರಾಂತಿ ಆದ ಮೇಲೆ ಗಂಗಕ್ಕ ಮತ್ತು ಸಿದ್ರಾಮಣ್ಣ ಹೊಸ ಮನೆಗೆ ಹೋದರು. ಮನೆ ಕೆಟ್ಟದ್ದಾಗಿರಲಿಲ್ಲ. ಗಾಳಿ ಬರುತ್ತಿತ್ತು. ಬಚ್ಚಲಿನಲ್ಲಿ ಬಿಳಿ ಟೈಲ್ಸ್ ಇತ್ತು. ಅವಳು ಅದರ ನಲ್ಲಿ ಬಿಟ್ಟು ತೋರಿಸಿ, "ಬಾಗಲಾ ಹಾಕ್ಕೊಂಡ ಎಷ್ಟೊತ್ತರ ಜಳಕಾ ಮಾಡಬಹುದು, ಯಾರೂ ಬಡಿಯೂದಿಲ್ಲ," ಎಂದಳು. ಆದರೆ ಕಾಂಡಿಯ ನೂಲು ತಂದುಕೊಡುವವರು ಅಷ್ಟು ದೂರ ಬರುತ್ತಿರಲಿಲ್ಲ. ಅವಳ ಚಕ್ರ ಮೂಲೆಯಲ್ಲಿ ಕೂತಿತ್ತು. ಮೆಟ್ಟಿಲಲ್ಲಿ ಹಿಂದಿನಿಂದ ಬಂದವರು ಪಕ್ಕಕ್ಕೆ ಸರಿಯಿರಿ ಎಂದರೆ ಸಿದ್ರಾಮಣ್ಣನಿಗೆ ಕೇಳಿಸುತ್ತಿರಲಿಲ್ಲ. ಸೊಕ್ಕಿನ ಮನುಷ್ಯ ಎಂದು ಕಟ್ಟಡದವರು ಮಾತಾಡಿಕೊಂಡರು.

ಶೆಡ್ಡಿನ ಮಾಲೀಕ ಅವನಿಗೆ ಬರಬೇಡ ಅನ್ನಲಿಲ್ಲ. ಕರೆದಾಗ ಸಿಗದ ಜಾಬರನಿಂದ ಏನುಪಯೋಗ ಎಂದು ಬೇರೊಬ್ಬನನ್ನು ಇಟ್ಟುಕೊಂಡ, ಹಗಲು ಹೊತ್ತು ಬಂದು ಆದಷ್ಟು ಮಾಡು ಎಂದ. ಸಿದ್ರಾಮಣ್ಣ ಸೈಕಲ್ ಹತ್ತಿದ. ಗಂಗಕ್ಕ ಬೇಡವೆಂದು ಕೈಸನ್ನೆ ಮಾಡಿದರೆ, ಅವನು ತನ್ನ ಅಂಗೈಯನ್ನು ಹೊಸ ಮನೆಯ ಗೋಡೆಗೆ ಹಚ್ಚಿ ತೋರಿಸಿ ತಲೆ ಅಲ್ಲಾಡಿಸುತ್ತಿದ್ದನಂತೆ. ಇಲ್ಲಿ ಏನೂ ಇಲ್ಲ ಎನ್ನುವ ಹಾಗೆ.

ಕಬ್ಬಿನ ಕಾಲ ಇನ್ನೂ ಮುಗಿದಿರಲಿಲ್ಲ. ರಸ್ತೆಯ ತುಂಬ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು. ಅವರು ಹೊಸ ಮನೆಗೆ ಹೋಗಿ ಐದು ವಾರವಾಗಿರಬಹುದು, ಬೆಳಿಗ್ಗೆ ಹತ್ತರ ಸುಮಾರಿಗೆ ನನಗೆ ಫೋನ್ ಬಂತು. ಗಂಗಕ್ಕನ ಮೈದುನ. ನಾನು ಕೊಲ್ಲಾಪುರದ ದೊಡ್ಡ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಸಿದ್ರಾಮಣ್ಣನಿಗೆ ಎಚ್ಚರವಿರಲಿಲ್ಲ. ಹಿಂದಿನಿಂದ ಬಂದ ಟ್ರ್ಯಾಕ್ಟರು ಹೊರಳುವಾಗ ಹಿಂಬದಿಯ ಟ್ರಾಲಿ ಅವನನ್ನು ಎಳೆದುಕೊಂಡಿತ್ತು.

"ಹಾರ್ನ್ ಹೊಡದೇ ಹೊಡದೆ, ಸರೀಲೇ ಇಲ್ಲ ಅಂತ ಅಳಾಕತ್ತಾನ ಆ ಡ್ರೈವರ," ಎಂದಳು ಗಂಗಕ್ಕ, ಆಸ್ಪತ್ರೆಯ ಪಡಸಾಲೆಯ ನೆಲದ ಮೇಲೆ ಕೂತು. "ಹೊಡದಿರತಾನ ಬಿಡು. ಅಂವಗ ಏನ್ ಗೊತ್ತು?"

ಮೂರನೆಯ ದಿನ ಸಿದ್ರಾಮಣ್ಣ ತೀರಿಕೊಂಡ. ಹೆಣವನ್ನು ನಾಲ್ಕನೆಯ ಮಹಡಿಗೆ ಒಯ್ಯಲಿಲ್ಲ. ಕಬನೂರಿನಲ್ಲಿ ಮೈದುನಂದಿರ ಕೋಣೆಯ ಮುಂದೆ ಇಳಿಸಿದರು. ಚಾಳಿನ ಜನ ಎಲ್ಲೆಲ್ಲಿಂದಲೋ ಬಂದರು. ಅವತ್ತು ಶೆಡ್ಡಿನವರು ಒಂದು ಗಂಟೆ ಮಗ್ಗ ನಿಲ್ಲಿಸಿದ್ದರು.

ನಾನು ಬೇಸಿಗೆಯಲ್ಲಿ ಕೆಲಸ ಬಿಟ್ಟೆ. ಸರ್ ಕಾರಣ ಕೇಳಲಿಲ್ಲ. ಆಮೇಲೂ ಒಂದು ಕೆಲಸ ಉಳಿದಿತ್ತು. ಮನೆಯ ಕಾಗದ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ಒಂದು ಹೆಸರು ತೆಗೆಸಿ ಹೊಸ ಕಾಗದ ಮಾಡಿಸಬೇಕಿತ್ತು. ಓಡಾಡಿ ಮಾಡಿಸಿಕೊಂಡು, ಮತ್ತೆ ಮೃಗಾ ಮಳೆ ಕಟ್ಟುತ್ತಿದ್ದ ಒಂದು ಸಂಜೆ ಅವಳ ಮನೆಗೆ ಹೋದೆ. ಅವಳು ಈಗ ಹತ್ತಿರದ ಒಂದು ಹೊಲಿಗೆ ಕಾರ್ಖಾನೆಯಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಚಹಾ ಮಾಡಿದಳು. ಬಾಗಿಲ ಹೊರಗೆ ಮೆಟ್ಟಿಲಲ್ಲಿ ಕೂತೆವು, ಒಳಗೆ ಸೆಕೆ ಎಂದು. ಕಾಗದ ಕೊಟ್ಟೆ. ಅವಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಗಂಗಕ್ಕಾ, ನಿಮಗ ಒಂದ ಮಾತ ಹೇಳಬೇಕ್ರಿ," ಎಂದೆ.

ಹೇಳಿದೆ. ಆ ಮಧ್ಯಾಹ್ನದ ನಕ್ಷೆ, ಸರ್ ಹೇಳಿದ ಮಾತು, ಚಾಳು ಖಾಲಿ ಆಗುವ ಮೊದಲೇ ನನಗೆ ಎಲ್ಲ ಗೊತ್ತಿದ್ದದ್ದು, ಅವಳ ಮನೆಯಲ್ಲಿ ಕೂತು ಸುಮ್ಮನಿದ್ದದ್ದು, ಆಮೇಲೆ ಕಚೇರಿಯ ಮೆಟ್ಟಿಲಲ್ಲಿ ಸುಳ್ಳು ಹೇಳಿದ್ದು. ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ.

"ಎಷ್ಟ ದಿನಾ ಮೊದಲ?"

"ಹನ್ನೊಂದ ದಿನಾ ರೀ."

ಅವಳು ಕೆಳಗೆ ಕಬ್ಬಿನ ಹೊಲದ ಕಡೆ ನೋಡಿದಳು. ಮಳೆಯ ದೊಡ್ಡ ಹನಿಗಳು ಬೀಳಲು ಶುರುವಾಗಿದ್ದವು. ಕಟ್ಟಡದ ಹೆಂಗಸರು ಅಂಗಳದಲ್ಲಿ ಒಣಹಾಕಿದ ಬಟ್ಟೆ ತೆಗೆಯಲು ಓಡುತ್ತಿದ್ದರು.

"ನೀವು ಬೈರಿ," ಎಂದೆ. "ನಾ ಹೇಳಿದ್ರೂ ಏನೂ ಆಗತಿರಲಿಲ್ಲ ಅಂತ ದಿನಾ ನನಗ ನಾನs ಹೇಳಕೋತೀನಿ. ಅವ್ರು ಖಾಲಿ ಮಾಡಸs ಮಾಡಸತಿದ್ರು."

"ಆಗತಿತ್ತೋ ಇಲ್ಲೋ ನನಗ ಗೊತ್ತಿಲ್ಲ," ಎಂದಳು ಗಂಗಕ್ಕ. ದನಿ ಏರಲಿಲ್ಲ. "ಮೂವತ್ತಾರೂ ಮನಿಯವ್ರು ಬಾಗಲದಾಗ ಕುಂಡರತಿದ್ದೆವೇನೊ. ಕಲ್ಲವ್ವಂತೂ ಏಳತಿರಲಿಲ್ಲ. ಪೊಲೀಸರ ಬಂದ ಎಬ್ಬಸತಿದ್ರೇನೊ. ಆದರ ಆಗತೈತೋ ಇಲ್ಲೋ ಅನ್ನೂದನ್ನ ನೋಡಾವರು ನಾವು ಇದ್ದಿವಿ. ನೀ ಒಬ್ಬಾಕೀನs ನೋಡಿ ಮುಗಿಸಿಬಿಟ್ಟಿ."

ಅವಳು ಎದ್ದಳು. ನನ್ನ ಕೈಯಿಂದ ಖಾಲಿ ಚಹದ ಕಪ್ಪು ತೆಗೆದುಕೊಂಡಳು. "ಮಳಿ ಬಂತು. ಬಸ್ ತಪ್ಪೀತು, ಹೋಗ್ರಿ ಬಾಯಾರ," ಎಂದಳು.

ತಂಗಿ ಎನ್ನಲಿಲ್ಲ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ನಾಲ್ಕು ಮಹಡಿ ಇಳಿದು ರಸ್ತೆಗೆ ಬಂದೆ. ಬಸ್ಸು ಸಿಕ್ಕಿತು.